ವಿದ್ಯುತ್ ಸ್ಥಾವರಗಳ ಸ್ಥಳನಿರ್ಣಯ: ಕೇಳುವವರಾರು, ಉತ್ತರ ಕೊಡುವವರಾರು?

2025ನೆಯ ಇಸವಿಯ ಸೆಪ್ಟೆಂಬರ ತಿಂಗಳಲ್ಲಿ ಶರಾವತಿಯ ಕಣಿವೆಯ ಜನರು ಎರಡು ಸಭೆಗಳಲ್ಲಿ ನೆರೆದರು. ಒಂದು ಸಭೆಯು ಘಟ್ಟದ ಮೇಲೆ ಸಾಗರ ತಾಲೂಕಿನ ಕಾರ್ಗಲ್ಲಿನಲ್ಲಿ; ಇನ್ನೊಂದು ಘಟ್ಟದ ಕೆಳಗೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ. ತಳಕಳಲೆಯ ಜಲಾಶಯವನ್ನು ಮೇಲಣ ಕೊಳವಾಗಿಯೂ ಗೇರುಸೊಪ್ಪೆಯ ಜಲಾಶಯವನ್ನು ಕೆಳಗಣ ಕೊಳವಾಗಿಯೂ ಇಟ್ಟುಕೊಂಡು, ವಿದ್ಯುತ್ತು ಮಿಕ್ಕುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಕಾಗುವ ಹೊತ್ತಿನಲ್ಲಿ ಕೆಳಕ್ಕೆ ಬಿಟ್ಟು, 2,000 ಮೆಗಾವ್ಯಾಟ್ ವಿದ್ಯುತ್ತನ್ನು ಪಡೆಯಬೇಕೆಂಬ ಯೋಜನೆಯ ಬಗ್ಗೆ ಜನಾಭಿಪ್ರಾಯವನ್ನು ತಿಳಿಯುವದೇ ಆ ಸಭೆಗಳ ಉದ್ದೇಶವಾಗಿದ್ದಿತು. ಆ ಸ್ಥಳವಾದರೋ ಸಿಂಗಳೀಕಗಳ ಅಭಯಾರಣ್ಯದೊಳಗಿನದು. ಜನರು ತಮ್ಮ ಮಾತನ್ನು ಹೇಳಿದರು, ಅಧಿಕಾರಿಗಳು ಬರೆದುಕೊಂಡರು. ಆದರೆ ಸಭೆ ಸೇರುವ ಹೊತ್ತಿಗೆ ಸ್ಥಳವು ಗೊತ್ತಾಗಿದ್ದಿತು, ನಕ್ಷೆಗಳು ಸಿದ್ಧವಾಗಿದ್ದವು, ವಿವರವಾದ ವರದಿಯು ತಯಾರಾಗಿದ್ದಿತು, ಯೋಜನೆಯು ವನ್ಯಜೀವಿ ಮಂಡಲಿಗಳ ಮುಂದೆ ಹೋಗಿ ಬಂದಿದ್ದಿತು. ಲಗ್ನಪತ್ರಿಕೆಗಳು ಅಚ್ಚಾದ ಬಳಿಕ ಕನ್ಯೆಯ ಒಪ್ಪಿಗೆಯನ್ನು ಕೇಳಿದಂತಾಯಿತು ಇದು.

ಈ ಒಂದು ಯೋಜನೆಯು ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಣಯಿಸುವದು ಈ ಲೇಖನದ ಉದ್ದೇಶವಲ್ಲ. ನೀರೆತ್ತಲು ತಗಲುವ ವಿದ್ಯುತ್ತು ಕೆಳಗಿಳಿಸಿದಾಗ ಹುಟ್ಟುವ ವಿದ್ಯುತ್ತಿಗಿಂತ ಹೆಚ್ಚೆಂಬುದು ನಿಜ. ಹಗಲಿನ ಬಿಸಿಲಿನ ವಿದ್ಯುತ್ತನ್ನು ಸಂಜೆಯ ದೀಪಕ್ಕೆ ಕಾದಿರಿಸಲು ಇಂಥ ಉಪಾಯಗಳು ಬೇಕೆಂಬುದೂ ನಿಜ. ನಾವು ಕೇಳತಕ್ಕ ಪ್ರಶ್ನೆಯು ಬೇರೆಯಾದದ್ದು. ಎಲ್ಲ ಯೋಜನೆಗಳಿಗೂ ಸಲ್ಲುವಂಥದು. ದೊಡ್ಡ ವಿದ್ಯುತ್ ಸ್ಥಾವರವೊಂದು ಈ ನೆಲದ ಮೇಲೆಯೇ ನಿಲ್ಲತಕ್ಕದ್ದೆಂದು ನಮ್ಮ ರಾಜ್ಯದಲ್ಲಿ ಯಾರು, ಯಾವಾಗ, ಯಾವ ಆಧಾರದ ಮೇಲೆ ನಿಶ್ಚಯಿಸುತ್ತಾರೆ? ಆ ನೆಲದಲ್ಲಿ ಬಾಳುವವನ ಮಾತಿಗೆ ಆ ನಿಶ್ಚಯದಲ್ಲಿ ಯಾವ ಸ್ಥಾನವಿದೆ?

ವಿದ್ಯುಚ್ಛಕ್ತಿಗೆ ನಾವು ವಿರೋಧಿಗಳೆಂದು ಯಾರೂ ತಿಳಿಯದಿರಲಿ. 1902ರಲ್ಲಿ ಶಿವನಸಮುದ್ರದ ಯಂತ್ರಾಗಾರದಿಂದ ಸುಮಾರು 92 ಮೈಲುಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಜೋಗದಲ್ಲಿ ಮಹಾತ್ಮರ ಹೆಸರನ್ನು ಹೊತ್ತ ವಿದ್ಯುದಾಗಾರವು ನಾಡಿನ ಎಷ್ಟೋ ಊರುಗಳಿಗೆ ಬೆಳಕನ್ನಿತ್ತಿದೆ. ಪಂಪುಸೆಟ್ಟಿಗೆ ರಾತ್ರಿ ಹನ್ನೆರಡಕ್ಕೆ ಬರುವ ವಿದ್ಯುತ್ತಿಗಾಗಿ ಹಾವು ಚೇಳುಗಳ ನಡುವೆ ಹೊಲಕ್ಕೆ ಹೋಗುವ ರೈತನ ಕಷ್ಟವನ್ನು ಬಲ್ಲವರು ಸ್ಥಾವರಗಳೇ ಬೇಡವೆನ್ನಲಾರರು. ಆದರೆ ಬೆಳಕನ್ನು ಹಂಚಿಕೊಳ್ಳುವವರು ಲಕ್ಷಗಟ್ಟಲೆ ಜನ, ಅದಕ್ಕಾಗಿ ಮನೆ ಬಿಡುವವರು ಕೆಲವು ನೂರು ಸಂಸಾರ. ಹೀಗಿರಲು, ಸಂಖ್ಯೆಯ ಬಲವಿಲ್ಲದ ಆ ಕೆಲವರಿಗೆ ಕಾಯಿದೆಯ ಬಲವಾದರೂ ಇರಬೇಕಷ್ಟೆ.

ಅದಿಲ್ಲದಿದ್ದರೆ ಏನಾಗುವದೆಂಬುದಕ್ಕೆ ಶರಾವತಿಯೇ ಸಾಕ್ಷಿಯಾಗಿರುವದು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿಯಿತು. ಅಡಿಕೆ ತೋಟಗಳೂ ಗದ್ದೆಗಳೂ ದೇಗುಲಗಳೂ ನೀರೊಳಗಾದವು. 1948ರಲ್ಲಿ ಕಟ್ಟಿದ ಹಿರೇಭಾಸ್ಕರದ ಕಟ್ಟೆಯೇ ಮುಳುಗಿಹೋಯಿತು. ಊರು ಬಿಟ್ಟವರನ್ನು ಶಿವಮೊಗ್ಗ ಜಿಲ್ಲೆಯ ಕಾಡುಗಳ ನಡುವೆ ಕೂರಿಸಿದರು. ಅವರಲ್ಲಿ ಅನೇಕರಿಗೆ ತಾವು ಉಳುವ ನೆಲದ ಹಕ್ಕುಪತ್ರವು ಎರಡು ತಲೆಮಾರುಗಳು ಕಳೆದರೂ ಕೈಗೆ ಬರಲಿಲ್ಲ. ಆ ಅರಣ್ಯಭೂಮಿಯನ್ನು ಬಿಟ್ಟುಕೊಡಲು ರಾಜ್ಯ ಸರಕಾರದವರು ಹೊರಡಿಸಿದ ಅಧಿಸೂಚನೆಗಳನ್ನು, ಕೇಂದ್ರದ ಪೂರ್ವಾನುಮತಿಯಿಲ್ಲವೆಂಬ ಕಾರಣದಿಂದ, 2021ರಲ್ಲಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ನ್ಯಾಯಾಲಯವು ಕಾಯಿದೆಯಂತೆ ನಡೆದುಕೊಂಡಿತು, ತಪ್ಪು ಅದರದಲ್ಲ. ತಪ್ಪು ಮೂಲದಲ್ಲಿಯೇ ಇದ್ದಿತು. ನಿರಾಶ್ರಿತನ ಕೈಗೆ ಹಕ್ಕುಪತ್ರವು ಸೇರದೆ ಯಂತ್ರವು ತಿರುಗತಕ್ಕದ್ದಲ್ಲವೆಂದು ತಡೆದು ನಿಲ್ಲಿಸಬಲ್ಲ ಅಧಿಕಾರಮಂಡಲಿಯೊಂದು ಆ ಕಾಲಕ್ಕೆ ಇರಲಿಲ್ಲ. ಇಂದಿಗೂ ಇಲ್ಲ.

1956ಕ್ಕಿಂತ ಮೊದಲು ಇದಕ್ಕೆ ಒಂದು ನೆಪವಾದರೂ ಇದ್ದಿತು. ಒಂದೇ ಶರಾವತಿಯು ಘಟ್ಟದ ಮೇಲೆ ಮೈಸೂರಿನ ಆಡಳಿತದಲ್ಲಿಯೂ ಘಟ್ಟದ ಕೆಳಗೆ ಉತ್ತರ ಕನ್ನಡದಲ್ಲಿ ಮುಂಬಯಿಯ ಆಡಳಿತದಲ್ಲಿಯೂ ಹರಿಯುತ್ತಿದ್ದಿತು. ಮೇಲಿನವನು ಕಟ್ಟೆ ಕಟ್ಟಿದರೆ ಕೆಳಗಿನವನ ಅಹವಾಲನ್ನು ಕೇಳಲು ಇಬ್ಬರಿಗೂ ಸಮಾನನಾದ ಒಡೆಯನಿರಲಿಲ್ಲ. ಇಂದು ಕಾರ್ಗಲ್ಲಿನವನೂ ಗೇರುಸೊಪ್ಪೆಯವನೂ ಒಂದೇ ರಾಜ್ಯದ ಪ್ರಜೆಗಳು. ಒಂದೇ ವಿಧಾನಸಭೆಗೆ ಮತವೀಯುವವರು. ನಾಡು ಒಂದಾದುದರ ಫಲವು ನಕ್ಷೆಯ ಮೇಲೆ ಮಾತ್ರ ಕಂಡರೆ ಸಾಲದು. ಇಂಥ ನ್ಯಾಯದಲ್ಲಿಯೂ ಕಾಣಬೇಕು.

ಈಗಿನ ಪದ್ಧತಿಯನ್ನು ವಾಚಕರ ಮುಂದೆ ಸ್ವಲ್ಪ ಬಿಡಿಸಿ ಇಡುವದು ಅವಶ್ಯ. ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸಲು 2003ರ ವಿದ್ಯುತ್ ಕಾಯಿದೆಯ ಮೇರೆಗೆ ಪರವಾನಗಿಯೇ ಬೇಕಿಲ್ಲ. ಅಣುಸ್ಥಾವರವಾದರೆ ಅದು ಪೂರ್ತಿ ಕೇಂದ್ರದ ವಿಷಯ. ಉಳಿದ ದೊಡ್ಡ ಸ್ಥಾವರಗಳನ್ನು ಕಟ್ಟಬಯಸುವ ಖಾಸಗಿ ಬಂಡವಾಳದಾರರು ಮೊದಲು ಬರುವದು 2002ರ ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯಿದೆಯ ಮೇರೆಗೆ ಏರ್ಪಟ್ಟ, ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಉನ್ನತ ಮಟ್ಟದ ಒಪ್ಪಿಗೆ ಸಮಿತಿಯ ಮುಂದೆ. ಅಲ್ಲಿ ಬಂಡವಾಳವೆಷ್ಟು, ಉದ್ಯೋಗಗಳೆಷ್ಟು, ಭೂಮಿಯೆಷ್ಟು, ನೀರೆಷ್ಟು ಎಂಬ ವಿಚಾರವಾಗುವದು. ಆ ಕೊಠಡಿಯಲ್ಲಿ ಹಳ್ಳಿಗನಿಗೆ ಕುರ್ಚಿಯಿಲ್ಲ.

ಭೂಮಿಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮುಖಾಂತರ ತೆಗೆದುಕೊಳ್ಳುವದಾದರೆ 1966ರ ಕಾಯಿದೆಯು ಅನ್ವಯಿಸುವದು. ಅದರ 28ನೆಯ ಕಲಮಿನ ಮೇರೆಗೆ ಭೂಮಿಯ ಒಡೆಯನಿಗೆ ನೋಟೀಸು ಕೊಟ್ಟು ತಕರಾರನ್ನು ಕೇಳಬೇಕೆಂಬುದೇನೋ ಸರಿಯೇ. ಆದರೆ ಕೇಳತಕ್ಕವನು ಭೂಮಿಯನ್ನು ತೆಗೆದುಕೊಡುವ ಕೆಲಸಕ್ಕೆಂದೇ ನೇಮಿತನಾದ ಅಧಿಕಾರಿ. ಬೇಡುವವನ ಮನೆಯವನೇ ಪಂಚನಾಗಿ ಕುಳಿತರೆ ತೀರ್ಪು ಯಾವ ಕಡೆಗೆ ವಾಲುವದೆಂಬುದನ್ನು ಹೇಳಲು ವಕೀಲನೇ ಬೇಕಾಗಿಲ್ಲ. ಅದೂ ಅಲ್ಲದೆ, ಈ ತಕರಾರಿನ ಹಕ್ಕು ಭೂಮಿಯಲ್ಲಿ ಹಿತಸಂಬಂಧವುಳ್ಳವರಿಗೆ ಮಾತ್ರ. ಅದೇ ಭೂಮಿಯಲ್ಲಿ ಕೂಲಿ ಮಾಡಿ ಬದುಕುವವನಿಗೂ ಕುರಿ ಕಾಯುವವನಿಗೂ ಇಲ್ಲ.

ಇಷ್ಟಾದ ಮೇಲೆ ಪರಿಸರದ ವಿಚಾರ. ಕೇಂದ್ರ ಸರಕಾರದವರು 2006ರ ಸೆಪ್ಟೆಂಬರ 14ರಂದು ಹೊರಡಿಸಿದ ಅಧಿಸೂಚನೆಯ ಮೇರೆಗೆ, 500 ಮೆಗಾವ್ಯಾಟಿನ ಅಥವಾ ಅದಕ್ಕೂ ಮೇಲಿನ ಕಲ್ಲಿದ್ದಲಿನ ಸ್ಥಾವರವಾದರೆ ಅನುಮತಿಯು ದಿಲ್ಲಿಯಿಂದಲೇ ಬರಬೇಕು. ಪರಿಣಾಮಗಳನ್ನು ಅಭ್ಯಸಿಸಿ ವರದಿ ಬರೆಯುವ ತಜ್ಞರನ್ನು ಗೊತ್ತುಮಾಡುವವನೂ ಅವರಿಗೆ ಹಣ ಕೊಡುವವನೂ ಅರ್ಜಿದಾರನೇ. ಆ ವರದಿಯ ಕರಡು ಸಿದ್ಧವಾದ ಮೇಲೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯವರು ಸಾರ್ವಜನಿಕ ಅಹವಾಲು ಸಭೆಯನ್ನು ಕರೆಯುತ್ತಾರೆ. ಕನಿಷ್ಠ 30 ದಿನಗಳ ಮುನ್ಸೂಚನೆ. ಜಿಲ್ಲಾಧಿಕಾರಿಗಳ ಅಥವಾ ಅವರ ಪ್ರತಿನಿಧಿಗಳ ಅಧ್ಯಕ್ಷತೆ. ಎಲ್ಲ ಕಲಾಪದ ವೀಡಿಯೋ ಚಿತ್ರಣ. ಸಭೆಗೆ ಕೋರಮ್ಮಿನ ನಿರ್ಬಂಧವಿಲ್ಲ. ಹತ್ತು ಜನ ಬಂದರೂ ಸಭೆ, ಹತ್ತು ಸಾವಿರ ಬಂದರೂ ಸಭೆ. ಅಧ್ಯಕ್ಷರು ಕೇಳಿ ಬರೆಸಿಕೊಳ್ಳಬೇಕೇ ಹೊರತು ತೀರ್ಮಾನಿಸುವ ಅಧಿಕಾರವು ಅವರಿಗಿಲ್ಲ. ಇದು ರಾಜ್ಯದ ಪ್ರಜೆಯು ಬಾಯಿ ತೆರೆಯಬಹುದಾದ ಮೊದಲ ಜಾಗ. ಬಹುಮಟ್ಟಿಗೆ ಕೊನೆಯದೂ ಹೌದು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಸಭೆಗೆ ನಾವು ಹೋಗಿದ್ದೆವು. ಶಾಮಿಯಾನದ ಕೆಳಗೆ ಮುಂದಿನ ಸಾಲುಗಳಲ್ಲಿ ಕಂಪನಿಯವರೂ ಅಧಿಕಾರಿಗಳೂ, ಹಿಂದೆ ಬಿಸಿಲಿಗೆ ಅರ್ಧ ಮೈಯೊಡ್ಡಿ ಹಳ್ಳಿಗರೂ ಕುಳಿತಿದ್ದರು. ವಯಸ್ಸಾದ ರೈತನೊಬ್ಬನು ಎದ್ದು, ತನ್ನ ಬಾವಿಯ ನೀರು ಮುಂದೆ ಉಪ್ಪಾದರೆ ಗತಿಯೇನೆಂದು ಕೇಳಿದನು. ಗುಮಾಸ್ತನು ಬರೆದುಕೊಂಡನು. ಮುದುಕನು ಕೂರಲಿಲ್ಲ. "ಸಾಹೇಬರ, ನಾ ಹೇಳಿದ್ದು ಬರಕೊಂಡ್ರಿ, ಛಲೋ ಆತು. ಇದಕ್ಕ ಉತ್ತರ ಯಾವಾಗ ಬರ್ತದ್ರಿ?" ಎಂದನು. ಸಾಹೇಬರು ಸಜ್ಜನರು, ಸಮಾಧಾನದಿಂದಲೇ, "ನಿಮ್ಮ ಮಾತನ್ನು ಮೇಲಕ್ಕೆ ಕಳಿಸುತ್ತೇವೆ, ಯಜಮಾನರೇ," ಎಂದರು. ಮುದುಕನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದನು.

ಸಾಹೇಬರು ಸುಳ್ಳು ಹೇಳಲಿಲ್ಲ. ಜನರೆತ್ತಿದ ಪ್ರಶ್ನೆಗಳನ್ನೂ ಅವುಗಳಿಗೆ ಅರ್ಜಿದಾರನು ಕೊಟ್ಟ ಸಮಾಧಾನವನ್ನೂ ಪಟ್ಟಿಮಾಡಿ ಕಳಿಸಬೇಕೆಂಬ ಕಟ್ಟಳೆಯಿದೆ. ಅಂತಿಮ ವರದಿಯಲ್ಲಿ ಅವುಗಳನ್ನು ಸೇರಿಸಬೇಕೆಂಬುದೂ ಇದೆ. ಆದರೆ ಆ ಸಮಾಧಾನವು ಸರಿಯೇ ತಪ್ಪೇ ಎಂದು ಪ್ರಶ್ನೆ ಕೇಳಿದವನ ಎದುರಿನಲ್ಲಿ ಒರೆಗೆ ಹಚ್ಚುವ ಏರ್ಪಾಡಿಲ್ಲ. ಕಂಪನಿಯ ತಜ್ಞನನ್ನು ಕಟೆಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಹಾಕುವ ಹಕ್ಕು ಯಾರಿಗೂ ಇಲ್ಲ. ಹತ್ತು ರೂಪಾಯಿಯ ಸಾಲದ ದಾವೆಯಲ್ಲಿ ಕೂಡ ಪ್ರತಿವಾದಿಗೆ ಈ ಹಕ್ಕಿರುವದು. ಊರಿಗೆ ಊರೇ ಏಳುವ ವಿಷಯದಲ್ಲಿ ಇಲ್ಲ! ಅನುಮತಿ ಹೊರಟ ಮೇಲೆ ಅಸಮಾಧಾನವಿದ್ದವನು 2010ರ ಕಾಯಿದೆಯ ಮೇರೆಗೆ 30 ದಿನಗಳೊಳಗೆ, ಸಕಾರಣವಿದ್ದರೆ ಇನ್ನೂ 60 ದಿನಗಳೊಳಗೆ, ಹಸಿರು ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದು. ಕನ್ನಡಿಗನ ಪಾಲಿಗೆ ಆ ಪೀಠವಿರುವದು ಚೆನ್ನೈಯಲ್ಲಿ.

ಭಾಷೆಯ ಸಂಗತಿಯು ಇನ್ನೂ ಮುಖ್ಯವಾದದ್ದು. ಪರಿಸರದ ವರದಿಯ ಸಾರಾಂಶವನ್ನು ಮಾತ್ರ ಜನಭಾಷೆಯಲ್ಲಿ ಕೊಡಬೇಕೆಂದು ಅಧಿಸೂಚನೆಯು ಹೇಳುವದು. ನೂರಾರು ಪುಟಗಳ ಮೂಲ ವರದಿಯು ಇಂಗ್ಲಿಷಿನಲ್ಲಿಯೇ ಇರುವದು ವಾಡಿಕೆ. ಯಾವ ಬಾವಿಯ ನೀರನ್ನು ಯಾವ ತಿಂಗಳಲ್ಲಿ ಪರೀಕ್ಷಿಸಿದರು, ಗಾಳಿಯು ಯಾವ ದಿಕ್ಕಿಗೆ ಬೀಸುವದೆಂದು ಲೆಕ್ಕ ಹಾಕಿದರು, ಬೂದಿಯ ಹೊಂಡವು ಎಲ್ಲಿ ಬರುವದು ಎಂಬಿವೆಲ್ಲವೂ ಇರುವದು ಮೂಲದಲ್ಲಿ. ಸಾರಾಂಶದಲ್ಲಿ ಇರುವದು ಸ್ಥಾವರದಿಂದ ನಾಡು ಉದ್ಧಾರವಾಗುವದೆಂಬ ಮಾತು. 1963ರ ಕಾಯಿದೆಯು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರಿತು. ತನ್ನ ಬಾವಿಯ ಬಗ್ಗೆ ಬರೆದುದನ್ನು ಕನ್ನಡಿಗನು ಕನ್ನಡದಲ್ಲಿ ಓದಲಾರದಿದ್ದರೆ ಆ ಸಾರಿಕೆಗೆ ಅರ್ಥವೇನು? ಅಂಗಡಿಯ ಹಲಗೆಗಳ ಮೇಲೆ ಕನ್ನಡ ಬರಲೆಂದು ನಾವು ಹೋರಾಡುವೆವು, ಅದು ಯೋಗ್ಯವೇ. ಆದರೆ ಒಂದು ಊರಿನ ಅಳಿವು ಉಳಿವುಗಳ ಕಾಗದದಲ್ಲಿ ಕನ್ನಡವಿಲ್ಲದುದು ಹಲಗೆಯ ಮೇಲೆ ಇಲ್ಲದುದಕ್ಕಿಂತ ನೂರ್ಮಡಿ ದೊಡ್ಡ ಕೊರತೆ.

ಬೇರೆ ದೇಶದವರು ಇದನ್ನು ಹೇಗೆ ನಡೆಸುತ್ತಾರೆಂಬುದನ್ನು ನೋಡೋಣ. ಅಮೇರಿಕೆಯ ಪಶ್ಚಿಮ ಕರಾವಳಿಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. ಇದು ಆ ದೇಶದ ರಾಜಧಾನಿಯಾದ ವಾಷಿಂಗ್ಟನ್ ನಗರವಲ್ಲ. ಅಲ್ಲಿ 1970ರಷ್ಟು ಹಿಂದೆಯೇ ಶಕ್ತಿಸ್ಥಾವರಗಳ ಸ್ಥಳಪರಿಶೀಲನೆಗೆಂದು ಒಂದು ಮಂಡಲಿಯನ್ನು ಕಾಯಿದೆಯಿಂದ ಸ್ಥಾಪಿಸಿದರು. ರಾಜ್ಯದ ಬೇರೆ ಬೇರೆ ಇಲಾಖೆಗಳ ಪ್ರತಿನಿಧಿಗಳು ಅದರಲ್ಲಿ ಕೂಡುವರು. ಸ್ಥಾವರವು ಯಾವ ಜಿಲ್ಲೆಗೆ ಬರುವದೋ ಆ ಜಿಲ್ಲೆಯ ಪ್ರತಿನಿಧಿಯೂ ಆ ಅರ್ಜಿಯ ಮಟ್ಟಿಗೆ ಬಂದು ಕೂಡುವನು. ಅರ್ಜಿ ಬಂದ ಸ್ವಲ್ಪ ಕಾಲದಲ್ಲಿಯೇ ಆ ಜಿಲ್ಲೆಯಲ್ಲಿ ಜನರ ಸಭೆಯಾಗಬೇಕು. ಪರಿಶೀಲಿಸುವ ತಜ್ಞರನ್ನು ನೇಮಿಸುವದು ಮಂಡಲಿ. ವೆಚ್ಚವನ್ನು ಕೊಡುವದು ಅರ್ಜಿದಾರ. ಹಣ ಯಾರದ್ದೋ ಹಾಡು ಅವನದ್ದೇ ಎಂಬ ದೋಷವು ಇದರಿಂದ ತಪ್ಪುವದು. ಎಲ್ಲಕ್ಕೂ ಮಿಗಿಲಾಗಿ, ರಾಜ್ಯದ ಅಟಾರ್ನಿ ಜನರಲರು ಪರಿಸರದ ಪರವಾಗಿ, ಸಾರ್ವಜನಿಕರ ಪರವಾಗಿ ವಾದಿಸಲಿಕ್ಕೆಂದೇ ಒಬ್ಬ ವಕೀಲನನ್ನು ಗೊತ್ತುಮಾಡಬೇಕು. ಕಂಪನಿಗೆ ವಕೀಲರ ಪಡೆಯೇ ಇರುವಾಗ ಜನರಿಗೂ ಒಬ್ಬನಿರಲಿ ಎಂಬ ನ್ಯಾಯಬುದ್ಧಿಯು ಎಷ್ಟು ಸರಳವಾದದ್ದು!

ಕೊನೆಗೆ ಸಾಕ್ಷಿ, ಪಾಟೀಸವಾಲು, ವಾದ ಇವೆಲ್ಲ ಮುಗಿದ ಮೇಲೆ ಮಂಡಲಿಯು ಕಾರಣಸಹಿತವಾದ ಶಿಫಾರಸನ್ನು ಬರೆದು ಗವರ್ನರನಿಗೆ ಕಳಿಸುವದು. ಅಲ್ಲಿಯ ಗವರ್ನರನು ನಮ್ಮ ರಾಜ್ಯಪಾಲರಂತಲ್ಲ. ಜನರಿಂದ ಆರಿಸಿ ಬಂದ ಮುಖ್ಯಾಧಿಕಾರಿ. ಅವನು 60 ದಿನಗಳೊಳಗೆ ಒಪ್ಪಬೇಕು, ಇಲ್ಲವೆನ್ನಬೇಕು, ಅಥವಾ ಇಂತಿಂಥದನ್ನು ಮತ್ತೆ ವಿಚಾರಿಸಿರೆಂದು ಹಿಂದಕ್ಕೆ ಕಳಿಸಬೇಕು. ಸುಮ್ಮನಿರುವ ಹಾಗಿಲ್ಲ.

ಆ ರಾಜ್ಯದ ವ್ಯಾಂಕೂವರ್ ಎಂಬ ಊರಿನಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ, ದಿನಕ್ಕೆ 3,60,000 ಪೀಪಾಯಿ ಕಚ್ಚಾ ತೈಲವನ್ನು ರೈಲಿನಿಂದಿಳಿಸಿ ಹಡಗಿಗೇರಿಸುವ ಕೇಂದ್ರವೊಂದನ್ನು ಕಟ್ಟಲು 2013ರಲ್ಲಿ ಅರ್ಜಿ ಬಂದಿತು. 2016ರ ಬೇಸಗೆಯಲ್ಲಿ ಐದು ವಾರಗಳ ಕಾಲ ನ್ಯಾಯಾಲಯದ ರೀತಿಯಲ್ಲಿ ವಿಚಾರಣೆ ನಡೆಯಿತು. ಭೂಕಂಪದ ಭಯ, ಬೆಂಕಿಯ ಭಯ, ನದಿಯಲ್ಲಿ ತೈಲ ಚೆಲ್ಲುವ ಭಯ ಇವೆಲ್ಲವನ್ನೂ ತೂಗಿ ನೋಡಿ ಮಂಡಲಿಯು 2017ರ ನವೆಂಬರಿನಲ್ಲಿ ಅರ್ಜಿಯನ್ನು ತಳ್ಳಿಹಾಕಬೇಕೆಂದು ಏಕಮತದಿಂದ ಶಿಫಾರಸು ಮಾಡಿತು. ಗವರ್ನರ ಜೇ ಇನ್ಸ್ಲೀಯವರು 2018ರ ಜನೇವರಿಯಲ್ಲಿ ಅದನ್ನು ತಳ್ಳಿಹಾಕಿದರು. ಹಾಗೆಂದು ಆ ಮಂಡಲಿಯು ಎಲ್ಲಕ್ಕೂ ಅಡ್ಡಗಾಲು ಹಾಕುವಂಥದಲ್ಲ. ಕಿಟಿಟಾಸ್ ಕಣಿವೆಯಲ್ಲಿ ಗಾಳಿವಿದ್ಯುತ್ತಿನ ಕಂಬಗಳಿಗೆ ಆ ಜಿಲ್ಲೆಯವರು ಬೇಡವೆಂದಾಗ, ಮಂಡಲಿಯು ವಿಚಾರಿಸಿ ಬೇಕೆಂದಿತು. ಗವರ್ನರರು 2007ರಲ್ಲಿ ಅದನ್ನು ಒಮ್ಮೆ ಹಿಂದಕ್ಕೆ ಕಳಿಸಿ, ಕಂಬಗಳನ್ನು ಮನೆಗಳಿಂದ ಇನ್ನೂ ದೂರವಿಡಲು ಬರುವದೇ ಎಂದು ನೋಡಿಸಿ, ಆ ಬಳಿಕ ಒಪ್ಪಿದರು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಆ ಒಪ್ಪಿಗೆಯನ್ನು ಎತ್ತಿಹಿಡಿಯಿತು. ಒಂದು ಕಡೆ ಬಂಡವಾಳವು ಸೋತಿತು, ಇನ್ನೊಂದು ಕಡೆ ಊರು ಸೋತಿತು. ಆದರೆ ಸೋತವರಿಗೂ ತಾವು ಸೋತುದೇಕೆಂಬುದು ಬರಹದಲ್ಲಿ ಸಿಕ್ಕಿತು.

ನೆರೆಯ ಆರೆಗನ್ ರಾಜ್ಯದಿಂದಲೂ ಕಲಿಯತಕ್ಕ ಪಾಠವೊಂದಿದೆ. ಅಲ್ಲಿ ಇಂಥ ಮಂಡಲಿಯನ್ನು 1975ರಲ್ಲಿ ಸ್ಥಾಪಿಸಿದರು. ಸ್ಥಾವರದ ಆಯುಷ್ಯವು ಮುಗಿದ ಮೇಲೆ ಅದನ್ನು ಕಳಚಿ ನೆಲವನ್ನು ಉಪಯೋಗಕ್ಕೆ ಬರುವ ಸ್ಥಿತಿಗೆ ತರಲು ತಗಲುವ ಹಣಕ್ಕೆ ಅರ್ಜಿದಾರನು ಮೊದಲೇ ಜಾಮೀನು ಕೊಡಬೇಕು. ಕಂಪನಿಯು ಮುಳುಗಿದರೂ ನೆಲವು ಮುಳುಗತಕ್ಕದ್ದಲ್ಲವೆಂಬುದು ಇದರ ತಾತ್ಪರ್ಯ.

ಈ ಪಾಠವು ನಮ್ಮ ಪಾವಗಡಕ್ಕೆ ನೇರವಾಗಿ ತಗಲುವಂಥದು. ತುಮಕೂರು ಜಿಲ್ಲೆಯ ಆ ಬರಗಾಲದ ಸೀಮೆಯಲ್ಲಿ, ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಸೌರ ಉದ್ಯಾನವು ಎದ್ದಿದೆ. ಅಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ಗುತ್ತಿಗೆಯ ಮೇಲೆ ಪಡೆದರು. ಒಡೆತನವು ರೈತನಲ್ಲಿಯೇ ಉಳಿಯಿತು. ಇದು ಸರಕಾರದವರು ಮಾಡಿದ ಒಳ್ಳೆಯ ಕೆಲಸ. ಹೊಗಳತಕ್ಕಲ್ಲಿ ಹೊಗಳದಿದ್ದರೆ ನಮ್ಮ ಟೀಕೆಗೆ ಬೆಲೆಯಿರದು. ಆದರೆ ಸೌರ ಸ್ಥಾವರಗಳಿಗೂ ಗಾಳಿವಿದ್ಯುತ್ತಿನ ಸ್ಥಾವರಗಳಿಗೂ 2006ರ ಅಧಿಸೂಚನೆಯು ಅನ್ವಯಿಸುವದಿಲ್ಲವಾದ್ದರಿಂದ ಅವುಗಳಿಗೆ ಆ ಅಹವಾಲು ಸಭೆಯ ಕಟ್ಟಳೆಯೂ ಇಲ್ಲ. ಭೂಮಿಯಿದ್ದವನು ಗುತ್ತಿಗೆಯ ಕರಾರಿಗೆ ಸಹಿ ಹಾಕಿದನು. ಅವನ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಕೂಲಿಯವಳು ಯಾವ ಕಾಗದದ ಮೇಲೂ ಇಲ್ಲ. ಗುತ್ತಿಗೆಯ ಕಾಲವು ತೀರಿದ ಮೇಲೆ ಲಕ್ಷಾಂತರ ಗಾಜಿನ ಹಲಗೆಗಳನ್ನು ಯಾರು ಎತ್ತಿ ಎಲ್ಲಿಗೆ ಒಯ್ಯುವರೆಂಬುದೂ, ಅದಕ್ಕೆ ಯಾರ ಹಣ ಈಡಾಗಿರುವದೆಂಬುದೂ ಹಳ್ಳಿಯ ಜನರ ಮುಂದೆ ಬಹಿರಂಗವಾಗಿ ಚರ್ಚೆಯಾಗಿ ಬರಹಕ್ಕಿಳಿಯತಕ್ಕ ವಿಷಯಗಳು.

ನಮ್ಮ ಸೂಚನೆಗೆ ಬರುವ ಆಕ್ಷೇಪಗಳನ್ನು ನಾವು ಅರಿಯದವರಲ್ಲ. ಮೊದಲನೆಯದು, ಇದರಿಂದ ವಿಳಂಬವಾಗುವದೆಂಬುದು. ಅಮೇರಿಕೆಯಲ್ಲಿಯೂ ಕೆಲವು ಅರ್ಜಿಗಳು ವರ್ಷಗಟ್ಟಲೆ ಎಳೆದಾಡಿದ್ದುಂಟು; ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜನರನ್ನು ಕೇಳದೆ ಹೊರಟಲ್ಲಿ ಕೆಲಸವು ಬೇಗ ಆಯಿತೇ? ಉಡುಪಿಯ ಕರಾವಳಿಯ ನಂದಿಕೂರಿನಲ್ಲಿ 1,000 ಮೆಗಾವ್ಯಾಟಿನ ಕಲ್ಲಿದ್ದಲಿನ ಸ್ಥಾವರವನ್ನು ಕಟ್ಟಬೇಕೆಂದು ಬಂದ ವಿದೇಶೀ ಕಂಪನಿಯು ವರ್ಷಾನುಗಟ್ಟಲೆ ಜನವಿರೋಧವನ್ನೂ ವ್ಯಾಜ್ಯಗಳನ್ನೂ ಕಂಡು 1999ರಲ್ಲಿ ಗಂಟುಮೂಟೆ ಕಟ್ಟಿತು. ಅದರ ನೆರೆಯ ಎಲ್ಲೂರಿನಲ್ಲಿ ಮುಂದೆ ಬೇರೊಂದು ಕಂಪನಿಯ 1,200 ಮೆಗಾವ್ಯಾಟಿನ ಸ್ಥಾವರವು ಎದ್ದಿತು. ಅದು ನಡೆಯಲಾರಂಭಿಸಿದ ಮೇಲೆಯೂ ಅದರ ಬೂದಿ, ಹೊಗೆ, ಉಪ್ಪುನೀರುಗಳ ಬಗ್ಗೆ ಹಸಿರು ನ್ಯಾಯಾಧಿಕರಣದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಮೊದಲು ಕೇಳದೆ ಉಳಿಸಿದ ಆರು ತಿಂಗಳನ್ನು ಆಮೇಲೆ ಕೋರ್ಟುಗಳಲ್ಲಿ ಹತ್ತು ವರ್ಷವಾಗಿ ತೆರಬೇಕಾಗುವದು.

ಎರಡನೆಯ ಆಕ್ಷೇಪವು ಕಾಯಿದೆಯದು. ಪರಿಸರದ ಅನುಮತಿಯು ದಿಲ್ಲಿಯವರ ಕೈಯಲ್ಲಿರುವಾಗ ರಾಜ್ಯದವರು ಮಾಡುವದೇನಿದೆ ಎಂದು ಕೇಳುವರು. ಬಹಳವಿದೆ ಎಂಬುದೇ ನಮ್ಮ ಉತ್ತರ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೆಲವೂ ನೀರೂ ರಾಜ್ಯದ ಪಟ್ಟಿಯಲ್ಲಿವೆ. ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದೆ. ದಿಲ್ಲಿಯವರು ಅನುಮತಿ ಕೊಡಬಹುದು. ಆದರೆ ನಮ್ಮ ನೆಲವನ್ನೂ ನಮ್ಮ ಹೊಳೆಯ ನೀರನ್ನೂ ಒಬ್ಬನಿಗೆ ಕೊಡಬೇಕೋ ಬೇಡವೋ ಎಂದು ಗೊತ್ತುಮಾಡುವದು ರಾಜ್ಯ. ತಾನು ಕೊಡುವ ವಸ್ತುವನ್ನು ಕೊಡುವ ಮೊದಲು ತನ್ನ ಪ್ರಜೆಗಳನ್ನು ಕೇಳಿ ಕೊಡುವೆನೆಂದು ರಾಜ್ಯವು ಕಾಯಿದೆ ಮಾಡಿಕೊಂಡರೆ ಅದು ಕೇಂದ್ರದ ಕಾಯಿದೆಗೆ ಎದುರು ನಿಂತಂತಾಗದು. ಒಂದು ವೇಳೆ ಯಾವುದಾದರೂ ಕಲಮು ಘರ್ಷಿಸುವದಾದರೆ ರಾಷ್ಟ್ರಪತಿಗಳ ಸಮ್ಮತಿಯನ್ನು ಪಡೆಯಲು ಸಂವಿಧಾನದ 254ನೆಯ ಅನುಚ್ಛೇದವು ದಾರಿ ತೋರಿಸಿದೆ. ದಾರಿಯಿಲ್ಲವೆನ್ನುವವರು ದಾರಿ ನಡೆಯಲು ಮನಸ್ಸಿಲ್ಲದವರು.

ಆದುದರಿಂದ ನಮ್ಮ ವಿಧಾನಮಂಡಲವು ದೊಡ್ಡ ವಿದ್ಯುತ್ ಸ್ಥಾವರಗಳ ಸ್ಥಳನಿರ್ಣಯಕ್ಕೆಂದು ಒಂದು ಪ್ರತ್ಯೇಕ ಕಾಯಿದೆಯನ್ನು ಮಾಡತಕ್ಕದ್ದೆಂದು ನಾವು ಸೂಚಿಸುತ್ತೇವೆ. ಅದರಲ್ಲಿ ಇರತಕ್ಕ ಮುಖ್ಯಾಂಶಗಳಿವು. ಮೊದಲನೆಯದಾಗಿ, ಉನ್ನತ ಮಟ್ಟದ ಸಮಿತಿಯ ಒಪ್ಪಿಗೆಗೂ ಭೂಮಿಯ ನೋಟೀಸಿಗೂ ಮುಂಚೆಯೇ, ಒಂದಕ್ಕಿಂತ ಹೆಚ್ಚು ಸ್ಥಳಗಳನ್ನು ಹೋಲಿಸಿ ನೋಡುವ ಸ್ವತಂತ್ರ ಮಂಡಲಿಯೊಂದಿರಬೇಕು. ಆಯಾ ಜಿಲ್ಲೆಯ ಪ್ರತಿನಿಧಿಗೂ ಅದರಲ್ಲಿ ಸ್ಥಾನವಿರಬೇಕು. ಎರಡನೆಯದಾಗಿ, ತಜ್ಞರನ್ನು ಮಂಡಲಿಯೇ ನೇಮಿಸಿ, ವೆಚ್ಚವನ್ನು ಅರ್ಜಿದಾರನಿಂದ ವಸೂಲು ಮಾಡಬೇಕು. ಮೂರನೆಯದಾಗಿ, ವರದಿಯು ಸಾರಾಂಶ ಮಾತ್ರವಲ್ಲದೆ ಪೂರ್ಣವಾಗಿ ಕನ್ನಡದಲ್ಲಿರಬೇಕು. ನಾಲ್ಕನೆಯದಾಗಿ, ಊರವರ ಪರವಾಗಿ ವಾದಿಸಲು ರಾಜ್ಯದ ವೆಚ್ಚದಿಂದ ವಕೀಲನೊಬ್ಬನನ್ನು ಕೊಟ್ಟು, ಅವನಿಗೆ ಪಾಟೀಸವಾಲಿನ ಹಕ್ಕನ್ನು ಕೊಡಬೇಕು. ಐದನೆಯದಾಗಿ, ಸೌರ ಮತ್ತು ಗಾಳಿಯ ದೊಡ್ಡ ಸ್ಥಾವರಗಳೂ ಇದರೊಳಗೆ ಬರಬೇಕು. ಕೂಲಿಕಾರರೂ ಕುರಿಗಾರರೂ ಅಹವಾಲುದಾರರಾಗಬೇಕು. ಸ್ಥಾವರವನ್ನು ಕಳಚುವ ಕಾಲಕ್ಕೆಂದು ಜಾಮೀನು ಇಡಿಸಬೇಕು. ಆರನೆಯದಾಗಿ, ಪುನರ್ವಸತಿಯ ಹಕ್ಕುಪತ್ರಗಳು ಹಂಚಿಕೆಯಾಗದೆ ಯಂತ್ರವು ತಿರುಗತಕ್ಕದ್ದಲ್ಲ. ಕೊನೆಯದಾಗಿ, ಇದೆಲ್ಲಕ್ಕೂ ಒಂದು ವರ್ಷದ ಗಡುವಿರಬೇಕು. ಗಡುವಿನೊಳಗೆ ಸರಕಾರದವರು ಹೌದು ಅಥವಾ ಅಲ್ಲವೆಂದು ಕಾರಣಗಳನ್ನು ಬರೆದು ಪ್ರಕಟಿಸಬೇಕು. ಇದು ಬಂಡವಾಳದಾರನಿಗೂ ಹಿತವೇ. ಹತ್ತು ಬಾಗಿಲುಗಳನ್ನು ತಟ್ಟಿ ಹನ್ನೊಂದನೆಯದರಲ್ಲಿ ಸೋಲುವದಕ್ಕಿಂತ ಒಂದೇ ಬಾಗಿಲಲ್ಲಿ ವೇಳೆಗೆ ಸರಿಯಾಗಿ ಉತ್ತರ ಸಿಗುವದು ಅವನಿಗೂ ಬೇಕಾದದ್ದು.

ಕಾಯಿದೆಯು ಬರುವವರೆಗೆ ಕೈಕಟ್ಟಿ ಕುಳ್ಳಿರಬೇಕೆಂದಲ್ಲ. ನಮ್ಮ ವಾಚಕರಲ್ಲಿ ಬಹುಮಂದಿ ಶಾಲೆಯ ಉಪಾಧ್ಯಾಯರು, ಪಟ್ಟಣಗಳ ವಿದ್ಯಾವಂತ ಗೃಹಸ್ಥರು. ಅಹವಾಲು ಸಭೆಯ ಮುನ್ಸೂಚನೆಯು ಪತ್ರಿಕೆಯಲ್ಲಿ ಬಂದಾಗ ಅದನ್ನು ಕತ್ತರಿಸಿ ಪಂಚಾಯತಿಯ ಕಟ್ಟೆಯ ಮೇಲೆ ಅಂಟಿಸುವದು ಅವರಿಂದಾಗದ ಕೆಲಸವಲ್ಲ. ವರದಿಯ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯತಿ ಮೊದಲಾದೆಡೆಗಳಲ್ಲಿ ಜನರ ನೋಟಕ್ಕೆ ಇಡಬೇಕೆಂಬ ಕಟ್ಟಳೆಯಿದೆ. ಅಲ್ಲಿ ಕುಳಿತು ಓದಿ, ತಮ್ಮ ಊರಿನ ಬಾವಿ ಕೆರೆಗಳ ಬಗ್ಗೆ ಬರೆದ ಪುಟಗಳನ್ನಾದರೂ ಕನ್ನಡದಲ್ಲಿ ಊರವರಿಗೆ ತಿಳಿಸಿ ಹೇಳಬಹುದು. ಸಭೆಗೆ ಬರಲಾರದವರೂ ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಬಹುದೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ; ಅದನ್ನು ಬರೆದುಕೊಡುವ ಲೇಖನಿಯು ಊರಿನ ಮಾಸ್ತರರ ಜೇಬಿನಲ್ಲಿಯೇ ಇರುವದು. ಬಾಯಿಮಾತು ಸಭೆಯ ಗದ್ದಲದಲ್ಲಿ ಕರಗೀತು. ಕಾಗದದ ಮೇಲಿನ ಮಾತಿಗೆ ಪಾವತಿಯು ಸಿಗುವದು, ಪಾವತಿಯಿದ್ದ ಮಾತು ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾಗುವದು.

ಸರಕಾರದವರಲ್ಲಿಯೂ ನಮ್ಮದೊಂದು ವಿನಂತಿ. ಸ್ಥಾವರಗಳನ್ನು ಕಟ್ಟಿರಿ, ನಾಡಿಗೆ ಬೆಳಕು ಬೇಕು. ಆದರೆ ಶರಾವತಿಯ ನಿರಾಶ್ರಿತರಿಗೆ ಬರಬೇಕಾದ ಹಳೆಯ ಬಾಕಿಯನ್ನು ತೀರಿಸುವ ಮೊದಲೇ ಹೊಸ ಸಾಲಕ್ಕೆ ಕೈಯೊಡ್ಡಬೇಡಿರಿ. ಆ ಮುದುಕನು ಕೇಳಿದುದು ಹಣವನ್ನಲ್ಲ, ದಯೆಯನ್ನಲ್ಲ. ತನ್ನ ಪ್ರಶ್ನೆಗೆ ಉತ್ತರವನ್ನು. ಪ್ರಜೆಯ ಪ್ರಶ್ನೆಗೆ ನಿಗದಿಯಾದ ದಿನದೊಳಗೆ, ಅವನ ಭಾಷೆಯಲ್ಲಿ, ಸಹಿ ಮಾಡಿದ ಉತ್ತರವನ್ನು ಕೊಡಲು ಸರಕಾರಕ್ಕೆ ಬೇಕಾದುದು ಮನಸ್ಸು ಮತ್ತು ಒಂದು ಕಾಯಿದೆ. ಅದನ್ನು ವಿಧಾನಮಂಡಲದ ಮುಂದೆ ತರುವಂತೆ ತಮ್ಮ ತಮ್ಮ ಶಾಸಕರಿಗೆ ಪತ್ರ ಬರೆಯಬೇಕೆಂದು ನಮ್ಮ ವಾಚಕರನ್ನು ಕೇಳಿಕೊಳ್ಳುತ್ತೇವೆ.